ಇಪ್ಪತ್ತನಾಲ್ಕು ಪ್ರಾಂತ್ಯಗಳು, ಒಂದು ಸೇತುವೆ

ಪಟ್ಟಿಯಿಂದ ಎಂಟು ಸಾಲು ಉದುರಬೇಕಿತ್ತು. ಅಂದು ಹನ್ನೊಂದು ಉದುರಿದ್ದವು. ಕಂಪ್ಯೂಟರ್ ಅದನ್ನು ಪರದೆಯ ಕೆಳಭಾಗದಲ್ಲಿ ಸ್ಪಷ್ಟವಾಗಿ ಬರೆದು ತೋರಿಸಿತ್ತು. ನಾನು ಓದಿದೆ. ಓದಿ, ಪಟ್ಟಿಯನ್ನು ಕಳಿಸಿ, ಕಾಫಿ ತರಲು ಎದ್ದುಹೋದೆ.

ಕೋವಿಡ್ ಕಾಲದ ಮನೆವಾಸ ಮುಗಿದು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗತೊಡಗಿದ್ದ ಚಳಿಗಾಲವದು. ನಮ್ಮ ಆಫೀಸು ಅಮೆರಿಕದ ರಾಜಧಾನಿಗೆ ಹತ್ತಿರದ ಜರ್ಮನ್‌ಟೌನಿನಲ್ಲಿ, ಹೆದ್ದಾರಿಯ ಸದ್ದು ಕಿಟಕಿಯ ಗಾಜಿಗೆ ತಾಗುವಷ್ಟು ಹತ್ತಿರದ ಕಟ್ಟಡದ ಎರಡನೆಯ ಮಹಡಿ. ಕೆಳಗೆ ಪ್ರಯೋಗಾಲಯದ ಉಪಕರಣ ಮಾರುವ ಕಂಪನಿ, ಮೇಲೆ ನಕ್ಷೆ ಮಾಡುವ ನಾವು ಒಂಬತ್ತು ಮಂದಿ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಮಳೆಗಾಲ ಬಂದಾಗ ಅಲ್ಲಿನ ಒಂದು ಪರಿಹಾರ ಸಂಸ್ಥೆ ನದಿಪಾತ್ರದ ಜನರ ಫೋನುಗಳಿಗೆ ನೆರೆಯ ಎಚ್ಚರಿಕೆ ಕಳಿಸುತ್ತದೆ. ಯಾವ ಊರಿಗೆ ಯಾವ ಸಂದೇಶ, ಯಾವ ಶಾಲೆಗೆ ಹೋಗಿ ಉಳಿಯಬೇಕು ಎಂಬ ಪಟ್ಟಿ ನಮ್ಮಿಂದ ಹೋಗಬೇಕು. ಆ ಪಟ್ಟಿ ನನ್ನ ಕೆಲಸ.

ಈಕ್ವೆಡಾರಿನಲ್ಲಿ ಇಪ್ಪತ್ತನಾಲ್ಕು ಪ್ರಾಂತ್ಯಗಳಿವೆ. ಪ್ರಾಂತ್ಯದೊಳಗೆ ಕ್ಯಾಂಟನ್‌ಗಳು, ಅವು ನಮ್ಮ ತಾಲ್ಲೂಕಿನಂತೆ. ಅದರೊಳಗಿನ ಘಟಕವನ್ನು ಇಲ್ಲಿ ಹೋಬಳಿ ಎಂದೇ ಕರೆಯುತ್ತೇನೆ. ಪ್ರತಿ ಹೋಬಳಿಗೂ ಆರಂಕಿಯ ಒಂದು ಸಂಕೇತ. ಮೊದಲ ಎರಡಂಕಿ ಪ್ರಾಂತ್ಯದ್ದು. ಸೊನ್ನೆ ಒಂದರಿಂದ ಇಪ್ಪತ್ತನಾಲ್ಕರವರೆಗೆ. ಕೊನೆಯ ಎರಡು ಪ್ರಾಂತ್ಯಗಳು 2007ರಲ್ಲಿ ಬೇರೆಯಾದವು. ಇದು ನನಗೆ ಅಪರಿಚಿತ ವಿಷಯವಲ್ಲ. ಕಾರ್ಕಳದ ಬಳಿಯ ನನ್ನ ಊರು ನಾನು ಹುಟ್ಟಿದಾಗ ದಕ್ಷಿಣ ಕನ್ನಡದಲ್ಲಿತ್ತು, ಶಾಲೆಯಲ್ಲಿರುವಾಗ ಉಡುಪಿ ಜಿಲ್ಲೆಗೆ ಸೇರಿತು. ಅಪ್ಪ ಕೊನೆಯವರೆಗೂ ವಿಳಾಸದ ಕೆಳಗೆ 'ದ.ಕ.' ಎಂದೇ ಬರೆದರು, ಕಾಗದ ತಲುಪುತ್ತಲೇ ಇತ್ತು.

ಹಳೆಯ ಪಟ್ಟಿಗಳಲ್ಲಿ ಇನ್ನೊಂದು ಸಂಕೇತವಿರುತ್ತದೆ: ತೊಂಬತ್ತು. ಅದು ಪ್ರಾಂತ್ಯವಲ್ಲ. ಎರಡು ಮೂರು ಪ್ರಾಂತ್ಯಗಳ ನಡುವೆ ಗಡಿ ತೀರ್ಮಾನವಾಗದೆ ಉಳಿದ ನೆಲದ ತುಂಡುಗಳಿಗೆ ಕೊಟ್ಟ ಗುರುತು. ಮುಂದೆ ಜನರ ಮತ ಕೇಳಿ ಅವನ್ನು ಪ್ರಾಂತ್ಯಗಳಿಗೆ ಸೇರಿಸಿದರು. ಹಾಗಾಗಿ ಹೊಸ ನಕ್ಷೆಯಲ್ಲಿ ತೊಂಬತ್ತು ಎಂಬುದೇ ಇಲ್ಲ.

ಆ ಹೊಸ ನಕ್ಷೆಯನ್ನು ಹಿಂದಿನ ವಾರವಷ್ಟೇ ನಾನು ವ್ಯವಸ್ಥೆಗೆ ಹಾಕಿದ್ದೆ. ಫೋನ್ ಸಂಖ್ಯೆಗಳ ಪಟ್ಟಿ ಮಾತ್ರ ಹಳೆಯದೇ. ಎರಡನ್ನೂ ಸಂಕೇತದ ಆಧಾರದಲ್ಲಿ ಜೋಡಿಸಿದಾಗ ಜೋಡಿ ಸಿಗದ ಸಾಲುಗಳು ಸದ್ದಿಲ್ಲದೆ ಉದುರುತ್ತವೆ. ದೂರದ ಸಮುದ್ರದಲ್ಲಿರುವ ದ್ವೀಪಪ್ರಾಂತ್ಯದ ಎಂಟು ಸಾಲುಗಳು ಯಾವಾಗಲೂ ಉದುರುತ್ತಿದ್ದವು, ಏಕೆಂದರೆ ನಮ್ಮ ನದಿನಕ್ಷೆಯಲ್ಲಿ ಅವು ಇರಲೇ ಇಲ್ಲ. ಎರಡು ವರ್ಷ ಆ ಎಂಟನ್ನು ನೋಡಿ ನೋಡಿ, ಉದುರುವುದೆಂದರೆ ದ್ವೀಪ ಎಂದು ಕಣ್ಣು ಒಪ್ಪಿಕೊಂಡಿತ್ತು. ಬುಧವಾರ ಬೆಳಗ್ಗೆ ಒಂಬತ್ತು ಗಂಟೆಗೆ, ಎರಡು ದಿನದಿಂದ ಮಳೆ ಹಿಡಿದಿದ್ದ ನದಿಯೊಂದಕ್ಕೆ ಎಚ್ಚರಿಕೆ ಹೊರಟಾಗ, ಆ ದಂಡೆಯ ಮೂರು ಹಳ್ಳಿಗಳಿಗೆ ಅದು ಹೋಗಲಿಲ್ಲ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನಿಗೆ ವಾಟ್ಸ್ಯಾಪ್ ಕರೆ ಬಂತು. ಆ ಮೂರು ಹಳ್ಳಿಗಳಿಗೆ ಒಂದೇ ಇರುವ ಆರೋಗ್ಯ ಉಪಕೇಂದ್ರದ ನರ್ಸ್. ಹಿಂದಿನ ವರ್ಷದ ಆನ್‌ಲೈನ್ ತರಬೇತಿಯಲ್ಲಿ ಪರಿಚಯವಾದವಳು. ನನ್ನದು ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಯ ಸ್ಪ್ಯಾನಿಷ್. ಅವಳು ನಿಧಾನ ಮಾಡಿ ಮಾತಾಡುತ್ತಿದ್ದಳು. ಅಂದು ನಿಧಾನ ಮಾಡಲಿಲ್ಲ. ಓದಿದವರನ್ನು ವೃತ್ತಿಯ ಹೆಸರಿನಿಂದ ಕರೆಯುವುದು ಅಲ್ಲಿನ ರೂಢಿ, ಹಾಗಾಗಿ ನಾನು ಅವಳಿಗೆ 'ಇಂಜಿನಿಯರಮ್ಮ'.

"ಇಂಜಿನಿಯರಮ್ಮ, ಮೇಲಿನ ಊರಿನವರಿಗೆ ಬೆಳಗ್ಗೆಯೇ ಮೆಸೇಜ್ ಬಂದಿದೆ. ಕೋಳಿ ಸಮೇತ ಹೊರಟುಬಿಟ್ಟರು. ನಮಗೆ ಯಾಕೆ ಬಂದಿಲ್ಲ? ನಮ್ಮ ಹತ್ರ ನೀರು ಬರಲ್ವಾ, ಇಲ್ಲ ನಮ್ಮನ್ನ ಮತ್ತೆ ಮರೆತ್ರಾ?"

ಆ 'ಮತ್ತೆ' ಎಂಬ ಮಾತು ಕೇಳಿದಾಗಲೇ ನನಗೆ ಹನ್ನೊಂದು ಎಂಬ ಅಂಕಿ ನೆನಪಾದದ್ದು.

ಉದುರಿದ ಸಾಲುಗಳ ಕಡತ ತೆರೆದೆ. ಎಂಟು ದ್ವೀಪದವು. ಮೂರು ತೊಂಬತ್ತರಿಂದ ಶುರುವಾಗುವವು, ಹಳ್ಳಿಗೊಂದರಂತೆ. ಇದನ್ನು ಸರಿಪಡಿಸುವುದು ಸುಲಭ. ಆ ತುಂಡು ನೆಲ ಮತದ ನಂತರ ಯಾವ ಪ್ರಾಂತ್ಯಕ್ಕೆ ಸೇರಿತೆಂದು ಅಧಿಕೃತ ಪಟ್ಟಿಯಲ್ಲಿ ನೋಡಿದೆ. ಪಶ್ಚಿಮದ ಪ್ರಾಂತ್ಯಕ್ಕೆ. (ಹೆಸರುಗಳನ್ನು ಬರೆಯುವುದಿಲ್ಲ, ನದಿಯ ಪಶ್ಚಿಮಕ್ಕೊಂದು, ಪೂರ್ವಕ್ಕೊಂದು ಪ್ರಾಂತ್ಯ ಎಂದು ತಿಳಿದರೆ ಸಾಕು.) ಮೂರು ಸಾಲಿನ ಸಂಕೇತ ಬದಲಿಸಿ, ಮತ್ತೆ ಜೋಡಿಸಿ, ಉದುರಿದ್ದು ಎಂಟೇ ಎಂದು ಎರಡು ಸಲ ಎಣಿಸಿ, ಹನ್ನೊಂದು ನಲವತ್ತಕ್ಕೆ ಪಟ್ಟಿ ಕಳಿಸಿದೆ. ಸಂಕೇತ ತಿದ್ದುವುದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಐದೇ ನಿಮಿಷದಲ್ಲಿ ನರ್ಸ್ ಕೈಮುಗಿಯುವ ಚಿತ್ರ ಕಳಿಸಿದಳು.

ಊಟದ ಡಬ್ಬಿಯನ್ನು ಬಿಸಿಮಾಡಲು ಇಟ್ಟೆ. ಅನ್ನ, ಹುರುಳಿ ಸಾರು. ಆಫೀಸಿನ ಮೈಕ್ರೋವೇವಿನಲ್ಲಿ ಮೀನು ಬಿಸಿ ಮಾಡಿ ಒಮ್ಮೆ ಪಾಠ ಕಲಿತಿದ್ದೆ. ಆಗ ಮನಸ್ಸು ಹಗುರವಾಗಿತ್ತು ಎಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಹನ್ನೆರಡೂಕಾಲಿಗೆ ರಾಲಿ ನಗರದಿಂದ ಅಂಕಲ್ ಕರೆ ಮಾಡಿದರು. ನಮ್ಮ ನದಿಯ ಲೆಕ್ಕಾಚಾರದ ಮಾದರಿಯನ್ನು ಮೂಲದಲ್ಲಿ ಬರೆದವರು ಅವರೇ. ಮೈಸೂರಿನವರು, ಐವತ್ತು ವರ್ಷದ ಹಿಂದೆ ಅಮೆರಿಕಕ್ಕೆ ಬಂದ ಜಲವಿಜ್ಞಾನಿ, ಈಗ ನಿವೃತ್ತರು. ಸುಮ್ಮನಿರಲಾಗದೆ ನಮಗೆ ಸಲಹೆಗಾರರು. ಮೊದಲ ದಿನ ನಾನು 'ಸರ್' ಅಂದಾಗ, "ಸರ್ ಅನ್ಬೇಡಮ್ಮ, ಯಾರದ್ದೋ ಆನ್ಸರ್ ಪೇಪರ್ ತಿದ್ದೋದು ಬಾಕಿ ಇದೆ ಅನ್ಸತ್ತೆ" ಎಂದಿದ್ದರು. ಅಂದಿನಿಂದ ಅಂಕಲ್.

"ನದಿ ಮೇಲ್ಗಡೆ ವಾಟರ್ ಲೆವೆಲ್ ಗೇಜ್ ನೋಡಿದ್ಯಾ?" ಎಂದರು.

"ಇಲ್ಲ ಅಂಕಲ್, ಲಂಚಿಗೆ ಹೋಗಿದ್ದೆ. ಎಂತ ಆಯ್ತು?"

"ಎಂತ ಅಲ್ಲ, ಏನು ಅಂತ ಕೇಳು. ಎರಡು ಗಂಟೆಗೆ ಬರ್ಬೇಕಾಗಿದ್ದ ನೀರು ಒಂದಕ್ಕೇ ಬರತ್ತೆ. ಕೆಳಗಡೆ ಒಂದು ಹೊಸ ಸೇತುವೆ ಇದ್ಯಲ್ಲ, ಚೀಪಾಗಿ ಕಟ್ಟಿರೋದು, ಅದರ ಮೇಲೆ ಹತ್ತತ್ತೆ. ಆ ಮೂರು ಹಳ್ಳಿ ಮಿಸ್ ಆಗಿತ್ತು ಅಂತ ಲಾಗ್‌ನಲ್ಲಿ ನೋಡ್ದೆ. ಫಿಕ್ಸ್ ಮಾಡಿದ್ಯಲ್ಲ, ಗುಡ್. ಎಲ್ಲಿಗೆ ಕಳಿಸ್ತಿದೀಯ ಅವರನ್ನ?"

ಪಟ್ಟಿ ತೆರೆದು ಶಾಲೆಯ ಹೆಸರು ಓದಿದೆ.

ಅವರು ತಡೆದು ಕೇಳಿದರು: "ಆ ಸ್ಕೂಲು ನದಿಗೆ ಯಾವ ಕಡೆ ಇದೆಯಮ್ಮ?"

ನಾನು ಪಟ್ಟಿಯನ್ನು ನೋಡಿದ್ದೆ, ನಕ್ಷೆಯನ್ನು ನೋಡಿರಲಿಲ್ಲ. ನಕ್ಷೆ ಮಾಡುವವಳು ನಕ್ಷೆ ನೋಡಿರಲಿಲ್ಲ. ಈಗ ತೆರೆದೆ. ಮೂರು ಹಳ್ಳಿಗಳು ನದಿಯ ಪೂರ್ವದಂಡೆಯಲ್ಲಿ. ಶಾಲೆ ಪಶ್ಚಿಮದಂಡೆಯಲ್ಲಿ. ನಡುವೆ ಒಂದೇ ಒಂದು ಗೆರೆ, ಅಂಕಲ್ ಹೇಳಿದ ಸೇತುವೆ.

ಪ್ರತಿ ಊರಿಗೂ ಅದರದೇ ಪ್ರಾಂತ್ಯದೊಳಗಿನ ಹತ್ತಿರದ ಶಾಲೆಯನ್ನು ಕೊಡು ಎಂಬ ನಿಯಮ ವ್ಯವಸ್ಥೆಯಲ್ಲಿತ್ತು. ಸಂಕೇತ ತೊಂಬತ್ತಿದ್ದಾಗ ಯಾವ ಪ್ರಾಂತ್ಯವೂ ಇಲ್ಲದ ಕಾರಣ ಬರೀ ಹತ್ತಿರದ ಶಾಲೆ ಸಿಗುತ್ತಿತ್ತು. ಅದು ಪೂರ್ವ ಪ್ರಾಂತ್ಯದ್ದು, ಅದೇ ದಂಡೆಯ ದಿಬ್ಬದ ಮೇಲಿನದು, ನಡೆದುಹೋಗುವಷ್ಟು ಹತ್ತಿರ. ನಾನು ಅವರನ್ನು ಕಾನೂನುಬದ್ಧವಾಗಿ ಪಶ್ಚಿಮಕ್ಕೆ ಸೇರಿಸಿದೆ. ಯಂತ್ರ ಅವರನ್ನು ಸೇತುವೆ ದಾಟಿಸಲು ಹೊರಟಿತು.

ಬೆಳಗಿನ ತಪ್ಪಿನಿಂದ ಅವರಿಗೆ ಸಂದೇಶ ಹೋಗಿರಲಿಲ್ಲ. ತಿದ್ದುಪಡಿಯಿಂದ ಅವರು ನೀರಿನ ಬಾಯಿಗೆ ಹೋಗುತ್ತಿದ್ದರು. ಇದನ್ನು ನಾನು ಈಗಲೂ ಒಂದೊಂದು ಹೆಜ್ಜೆಯಾಗಿ ಹಿಂದಕ್ಕೆ ನಡೆದು ನೋಡುತ್ತೇನೆ.

ಶಾಲೆ ಬದಲಿಸಲು ಇಬ್ಬರ ಒಪ್ಪಿಗೆ ಬೇಕೆಂಬುದು ನಮ್ಮಲ್ಲಿನ ಕಟ್ಟುನಿಟ್ಟು. ಹಿಂದೊಮ್ಮೆ ಯಾರೋ ಅವಸರದಲ್ಲಿ ಬದಲಿಸಿ, ಜನ ಮಳೆಯಲ್ಲಿ ಬೀಗ ಹಾಕಿದ ಶಾಲೆಯ ಮುಂದೆ ನಿಂತಿದ್ದರು. ಆಮೇಲೆ ಬಂದ ನಿಯಮ. ನನ್ನ ಮ್ಯಾನೇಜರ್ ರಾಜಧಾನಿ ಡಿಸಿಯಲ್ಲಿ ಸಭೆಯಲ್ಲಿದ್ದಳು, ಒಳಗೆ ಫೋನ್ ಒಯ್ಯಲು ಬಿಡದ ಕಟ್ಟಡ. ಎರಡು ಸಲ ಕರೆ ಮಾಡಿದೆ, ಸಂದೇಶ ಬಿಟ್ಟೆ. ಪರಿಹಾರ ಸಂಸ್ಥೆಯ ಕರ್ತವ್ಯಾಧಿಕಾರಿ ಸಿಕ್ಕಿದ. ಸಭ್ಯವಾಗಿಯೇ ಹೇಳಿದ: "ಆ ಶಾಲೆ ಪೂರ್ವ ಪ್ರಾಂತ್ಯದ್ದು. ಪಶ್ಚಿಮದವರನ್ನ ಅಲ್ಲಿಗೆ ಕಳಿಸಬೇಕಾದರೆ ಆ ಪ್ರಾಂತ್ಯದ ಕಚೇರಿ ಒಪ್ಪಬೇಕು. ಕೇಳ್ತೀನಿ. ಒಂದು ಗಂಟೆ ಕೊಡಿ."

"ಒಂದು ಗಂಟೆ ಇಲ್ಲ" ಎಂದೆ.

"ಊಟದ ಹೊತ್ತು, ಮೇಡಂ" ಎಂದ. ಅವನ ಮೇಲೆ ಸಿಟ್ಟಿಲ್ಲ. ಚಳಿಗಾಲದಲ್ಲಿ ಅವರ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ. ನನ್ನ ಡಬ್ಬಿಯೂ ಇನ್ನೂ ಮೈಕ್ರೋವೇವಿನಲ್ಲೇ ಇತ್ತು.

ಹನ್ನೆರಡು ಮೂವತ್ತೆರಡು. ಅಂಕಲ್ ಇನ್ನೊಂದು ಕರೆಯಲ್ಲಿ ಕಾಯುತ್ತಿದ್ದರು. ಹಿನ್ನೆಲೆಯಲ್ಲಿ ಆಂಟಿ ಊಟಕ್ಕೆ ಕರೆಯುವುದು, ಅವರು "ಸ್ವಲ್ಪ ಇರೇ" ಎನ್ನುವುದು ಕೇಳಿಸಿತು.

"ಗಂಟೆ ಕೇಳ್ತಿದಾರೆ ಅಂಕಲ್."

"ನದಿ ಕೊಡಲ್ಲ. ಈಗಿನ ರೀಡಿಂಗ್ ನೋಡು, ಇನ್ನೂ ಇಪ್ಪತ್ತು ಸೆಂಟಿಮೀಟರ್ ಏರಿದೆ. ಇಪ್ಪತ್ತೈದು ನಿಮಿಷ, ಮ್ಯಾಕ್ಸಿಮಮ್."

"ಎರಡನೇ ಸೈನ್ ಯಾರದ್ದು ಹಾಕ್ಲಿ?"

"ನನ್ನದು ಹಾಕು."

"ನಿಮ್ಮ ಹೆಸರು ಅಪ್ರೂವ್ಡ್ ಲಿಸ್ಟಲ್ಲಿ ಇಲ್ಲ."

"ಅದೇ ಅನುಕೂಲ. ರಿಟೈರ್ ಆದವನನ್ನ ಇನ್ನೆಲ್ಲಿಂದ ತೆಗೀತಾರೆ? ಆಮೇಲೆ ಬೈದ್ರೆ ನನ್ನ ಹತ್ರ ಕಳಿಸು, ಆಂಟಿ ಬಿಸಿಬೇಳೆಬಾತ್ ಮಾಡಿದಾಳೆ. ಮೊದಲು ಆ ನರ್ಸ್‌ಗೆ ಫೋನ್ ಮಾಡಮ್ಮ. ಲೈನ್‌ನಲ್ಲಿ ನಾನಿರ್ತೀನಿ."

ನಾನು ಹಾಗೆಯೇ ಮಾಡಿದೆ. ಎರಡನೆಯ ಒಪ್ಪಿಗೆಯ ಜಾಗದಲ್ಲಿ ಅಂಕಲ್ ಹೆಸರು ಬರೆದು, ಮೂರು ಸಾಲಿನ ಶಾಲೆಯನ್ನು ಕೈಯಾರೆ ಬದಲಿಸಿ, 'ಸೇತುವೆ ದಾಟಬೇಡಿ' ಎಂದು ಸೇರಿಸಿ ಕಳಿಸಿದೆ. ಇನ್ನೊಂದು ಫೋನಿನಿಂದ ನರ್ಸಿಗೆ ಕರೆ ಮಾಡಿದೆ.

ಅಲ್ಲಿ ತಗಡಿನ ಮೇಲೆ ಮಳೆ ಬೀಳುವ ಸದ್ದು ಎಷ್ಟಿತ್ತೆಂದರೆ ಅವಳು ಕೂಗಿ ಮಾತಾಡಬೇಕಾಯಿತು.

"ಎರಡು ಮೆಸೇಜ್ ಬಂದಿದೆ! ಒಂದು ಆಚೆ ಹೋಗಿ ಅನ್ನತ್ತೆ, ಒಂದು ಹೋಗಬೇಡಿ ಅನ್ನತ್ತೆ. ಯಾವುದು ನಿಮ್ಮದು?"

"ಎರಡೂ ನನ್ನದೇ. ಮೊದಲನೆಯದು ತಪ್ಪು. ಸೇತುವೆ ಬೇಡ. ದಿಬ್ಬದ ಮೇಲಿನ ಶಾಲೆಗೆ ಹೋಗಿ."

"ಪೂರ್ವದವರ ಶಾಲೆಗಾ?" ಅವಳು ನಕ್ಕಳು, ಆ ಹೊತ್ತಿನಲ್ಲೂ. "ನಾವು ಮತ ಹಾಕಿದ್ದು ಅವರ ವಿರುದ್ಧ ಇಂಜಿನಿಯರಮ್ಮ. ಸೇತುವೆ ಕಟ್ಟಿಕೊಡ್ತೀವಿ ಅಂದ್ರು ಅಂತ ಪಶ್ಚಿಮಕ್ಕೆ ಹಾಕಿದ್ವಿ. ಹೆಡ್‌ಮಾಸ್ಟರ್ ಅವತ್ತಿಂದ ನಮ್ಮ ಮಕ್ಕಳ ಮುಖ ನೋಡಲ್ಲ. ಬೀಗದ ಕೈ ಅವನ ಹತ್ರ ಇದೆ. ಜನ ಏನಂತಾರೆ ಗೊತ್ತಾ? ಬಾಗಿಲಲ್ಲಿ ನಿಂತು ಬೈಸಿಕೊಳ್ಳೋದಕ್ಕಿಂತ ನಮ್ಮ ಸೇತುವೆ ದಾಟೋದೇ ವಾಸಿ ಅಂತಾರೆ. ಮೊದಲನೇ ಲಾರಿ ಹೊರಟಾಯ್ತು. ಮುದುಕರು, ಒಬ್ಬಳು ತುಂಬು ಗರ್ಭಿಣಿ. ಎರಡನೇದಕ್ಕೆ ಹತ್ತುತ್ತಾ ಇದಾರೆ."

ಬೀಗದ ವಿಷಯ ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮುಂದಿನ ಮಾತು ನನಗೆ ಹೊಳೆದದ್ದು ಓದಿನಿಂದಲ್ಲ, ಮನೆಯಿಂದ. ನಮ್ಮ ಊರಿನ ಇಗರ್ಜಿಯ, ಅಂದರೆ ಚರ್ಚಿನ, ವ್ಯಾಪ್ತಿ ಎರಡು ಜಿಲ್ಲೆಗಳಿಗೆ ಹಬ್ಬಿದೆ. ಸರ್ಕಾರ ಜಿಲ್ಲೆ ಒಡೆದಾಗ ಇಗರ್ಜಿ ಒಡೆಯಲಿಲ್ಲ. ಒಂದೊಂದು ಕೇರಿಯನ್ನೂ ನಾವು ವಾಡೊ ಎನ್ನುತ್ತೇವೆ, ಪ್ರತಿ ವಾಡೊಗೂ ಒಬ್ಬ ಗುರ್ಕಾರ್. ಯಾವ ಮನೆಯಲ್ಲಿ ಯಾರು ಮಲಗಿದಲ್ಲೇ ಇದ್ದಾರೆ, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ಅವರಿಗೆ ಗೊತ್ತು. ಹಬ್ಬದ ತೆನೆ ಹಂಚುವುದರಿಂದ ಸಾವಿನ ಸುದ್ದಿ ಮುಟ್ಟಿಸುವವರೆಗೆ ಅವರದೇ ಓಡಾಟ. ನನ್ನ ಅಮ್ಮ ಎಂಟು ವರ್ಷ ಆ ಕೆಲಸ ಮಾಡಿದ್ದಳು.

"ನಿಮ್ಮ ಪ್ರಾರ್ಥನಾಲಯ ಯಾವ ಚರ್ಚಿನ ಕೈಕೆಳಗೆ?" ಎಂದು ಕೇಳಿದೆ.

"ಏನು?"

"ಪಾದ್ರಿ ಎಲ್ಲಿಂದ ಬರ್ತಾರೆ? ಆಚೆಯಿಂದಲೋ, ದಿಬ್ಬದ ಮೇಲಿಂದಲೋ?"

"ದಿಬ್ಬದ ಮೇಲಿಂದ," ಎಂದಳು. "ಯಾವತ್ತೂ ಅಲ್ಲಿಂದಲೇ. ಅದು ಬದಲಾಗಿಲ್ಲ."

"ಹಾಗಾದ್ರೆ ಶಾಲೆ ಬೇಡ. ಚರ್ಚಿನ ಹಾಲ್. ಅಲ್ಲಿ ನೀವು ಹೊರಗಿನವರಲ್ಲ. ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡೋರು ಒಬ್ಬರು ಇರ್ತಾರಲ್ಲ, ಮನೆಗಳ ಲೆಕ್ಕ ಇರೋರು?"

"ಇದಾನೆ. ಇಲ್ಲೇ ನನ್ನ ಪಕ್ಕದಲ್ಲೇ ಲಾರಿಗೆ ಅಜ್ಜಿಯೊಬ್ಬಳನ್ನ ಎತ್ತಿ ಹತ್ತಿಸ್ತಿದಾನೆ."

"ಇಳಿಸೋಕೆ ಹೇಳಿ. ಮನೆಮನೆಗೆ ಅವರ ಬಾಯಿಂದ ಹೋಗಲಿ, ಮೆಸೇಜ್ ಯಾರೂ ನಂಬೋದು ಬೇಡ. ಮೊದಲ ಲಾರಿ ಯಾರಾದ್ರೂ ನಿಲ್ಲಿಸಿ!"

ಅವಳು ಯಾರನ್ನೋ ಕೂಗಿದಳು. ಗಂಡಸಿನ ಧ್ವನಿಯೊಂದು ಏನನ್ನೋ ಕೇಳಿತು, ಅವಳು 'ದಿಬ್ಬದ ಚರ್ಚು' ಎಂದು ಎರಡು ಸಲ ಹೇಳಿದಳು. ವಾದ ಮಾಡಿದ್ದು ಕೇಳಿಸಲಿಲ್ಲ. ಶಾಲೆ ಎಂದಾಗ ಬಿಗಿದುಕೊಂಡಿದ್ದ ಜನ ಚರ್ಚು ಎಂದಾಗ ಹೊರಟರು. ಫೋನಿನಲ್ಲಿ ಓಟದ ಸದ್ದು, ಅವಳ ಉಸಿರು, ಕೆಸರಿನಲ್ಲಿ ಚಪ್ಪಲಿಯ ಸದ್ದು. ಫೋನ್ ಅವಳ ಕೈಯಲ್ಲಿ ತೂಗಾಡುತ್ತಿತ್ತು.

"ಸೇತುವೆ ಮೇಲಿದೆ," ಎಂದಳು. "ಲಾರಿ ನಡುವೆ ನಿಂತಿದೆ. ಆಚೆ ತುದಿಯಲ್ಲಿ ನೀರು ರಸ್ತೆ ಮೇಲೆ ಹತ್ತಿದೆ. ಡ್ರೈವರ್ ನೋಡ್ತಾ ಇದಾನೆ."

ಅದನ್ನು ಕನ್ನಡದಲ್ಲಿ ಹೇಳಿದೆ. ಇನ್ನೊಂದು ಕಿವಿಯಲ್ಲಿ ಅಂಕಲ್: "ಹನ್ನೆರಡು ಐವತ್ತೊಂದು. ನೀರಿಗೂ ಸೇತುವೆ ಡೆಕ್‌ಗೂ ಅರ್ಧ ಮೀಟರ್ ಕೂಡ ಇಲ್ಲ. ಮುಂದಕ್ಕೆ ಹೋಗಬಾರದು. ಮುಂದಿನ ಅಪ್ರೋಚ್ ರೋಡ್ ಬರೀ ಮಣ್ಣು ಕಣಮ್ಮ, ಮಣ್ಣು."

"ಹಿಂದಕ್ಕೆ!" ಎಂದು ನಾನು ಕಿರುಚಿದೆ. ಸ್ಪ್ಯಾನಿಷಿನಲ್ಲಿ ಕಿರುಚಿದೆನೋ ಮನೆಮಾತಾದ ಕೊಂಕಣಿಯಲ್ಲೋ ಗೊತ್ತಿಲ್ಲ. ಪಕ್ಕದ ಮೇಜಿನವನು ಎದ್ದು ನಿಂತ. ನರ್ಸ್ ಅದಕ್ಕೆ ಮೊದಲೇ ಕೂಗುತ್ತಿದ್ದಳು, ಅವಳ ಹಿಂದೆ ಇನ್ನೂ ನಾಲ್ಕೈದು ಜನ. ಲಾರಿಯ ಹಾರ್ನ್ ಒಮ್ಮೆ ಕೇಳಿಸಿತು.

ಆಮೇಲೆ ಆ ಸದ್ದು ಶುರುವಾಯಿತು. ಬಾಳೆಗೊನೆ ಸಾಗಿಸುವ ದೊಡ್ಡ ಲಾರಿ ಅದು, ರಿವರ್ಸ್ ಹಾಕಿದರೆ ಪೀಪ್ ಪೀಪ್ ಎನ್ನುವಂಥದ್ದು. ಕಿರಿದಾದ ಸೇತುವೆ, ಎರಡೂ ಕಡೆ ಕಂಬಿ, ಕನ್ನಡಿಯ ಮೇಲೆ ಮಳೆ, ಹಿಂದೆ ಮುದುಕರು. ಡ್ರೈವರ್ ಹಿಂದಕ್ಕೆ ಬರುತ್ತಿದ್ದ. ನಾನು ಎಣಿಸತೊಡಗಿದೆ. ಬೇರೆ ಏನೂ ಮಾಡಲು ಉಳಿದಿರಲಿಲ್ಲ. ಹದಿನಾಲ್ಕರಲ್ಲಿ ಅದು ನಿಂತಿತು. ಚಕ್ರ ಎಲ್ಲಿಗೋ ತಾಗಿರಬೇಕು. ಯಾರೋ ಹೆಂಗಸು ಅತ್ತಳು. ಮತ್ತೆ ಶುರುವಾಯಿತು, ಹದಿನೈದು, ಹದಿನಾರು. ಮೂವತ್ತೊಂದಕ್ಕೆ ಕರೆ ಕಡಿದುಹೋಯಿತು.

ಮತ್ತೆ ಮಾಡಿದೆ. ಹೋಗಲಿಲ್ಲ. ಆ ಕಡೆಯ ಟವರ್ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಒಂದು ಗಂಟೆ ನಾಲ್ಕು ನಿಮಿಷಕ್ಕೆ ಅಂಕಲ್, "ಬಂತು" ಎಂದಷ್ಟೇ ಹೇಳಿದರು. ಸೇತುವೆಯ ಮೇಲೆ ಎಂದು ಹೇಳಲಿಲ್ಲ. ಆಂಟಿ ಎರಡನೆಯ ಸಲ ಊಟಕ್ಕೆ ಕರೆಯಲಿಲ್ಲ.

ಮುಕ್ಕಾಲು ಗಂಟೆ ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು. ನಡುವೆ ಅವರು ಕೇಳಿದರು: "ಚರ್ಚ್ ಅಂತ ಹೆಂಗೆ ಹೊಳೀತು ನಿಂಗೆ?"

"ಅಮ್ಮ ಗುರ್ಕಾರ್ ಆಗಿದ್ಲು, ಅಂಕಲ್."

"ಐವತ್ತು ವರ್ಷ ನದಿ ಮಾಡೆಲ್ ಮಾಡ್ದೆ," ಎಂದರು, "ಬೀಗದ ಕೈ ಯಾರ ಹತ್ರ ಅಂತ ಒಂದು ಸಲವೂ ಕೇಳಲಿಲ್ಲ ನೋಡು."

ಎರಡು ಗಂಟೆಗೆ ಹತ್ತು ನಿಮಿಷ ಮೊದಲು ಅಪರಿಚಿತ ಸಂಖ್ಯೆಯಿಂದ ಧ್ವನಿಸಂದೇಶ ಬಂತು. ಪಾದ್ರಿಯ ಫೋನಂತೆ, ಅದಕ್ಕೆ ಬೇರೆ ಟವರ್. ನರ್ಸಿನ ಸ್ವರ ಕೂಗಿ ಕೂಗಿ ಒಡೆದುಹೋಗಿತ್ತು. ಎಲ್ಲರೂ ಹಾಲಿನಲ್ಲಿದ್ದಾರೆ. ಧರ್ಮೋಪದೇಶದವನು ತನ್ನ ಪುಸ್ತಕ ಹಿಡಿದು ಮನೆಗೊಬ್ಬರಂತೆ ಹೆಸರು ಕೂಗಿದ್ದಾನೆ, ಎಲ್ಲರೂ ಓಗೊಟ್ಟಿದ್ದಾರೆ. ಲಾರಿ ಬಂತು. ಸೇತುವೆಯ ಆಚೆ ತುದಿ ಈಗ ಇಲ್ಲ. ಕೊನೆಗೆ, "ಹೆಡ್‌ಮಾಸ್ಟರ್ ಕೂಡ ಬಂದ, ಇಂಜಿನಿಯರಮ್ಮ. ಬೀಗದ ಕೈ ತಂದಿದ್ದಾನೆ. ಹಾಲಿನಲ್ಲಿ ಜಾಗ ಸಾಲಲ್ಲ ಅಂತ ಅವನೇ ಬೈತಾ ಇದಾನೆ."

ನಾನು ಮೈಕ್ರೋವೇವಿನ ಡಬ್ಬಿ ತೆಗೆದು, ತೊಳೆದು, ಹಾಗೇ ಬ್ಯಾಗಿಗಿಟ್ಟೆ.

ಮ್ಯಾನೇಜರ್ ಸಂಜೆ ಎಲ್ಲವನ್ನೂ ಓದಿದಳು. ಮರುವಾರ ವಿಚಾರಣೆಯಾಯಿತು. ಅರ್ಹರಲ್ಲದವರ ಹೆಸರನ್ನು ಒಪ್ಪಿಗೆಯಲ್ಲಿ ಬರೆದದ್ದಕ್ಕೆ ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಅದು ನ್ಯಾಯವೇ. ಉದುರಿದ ಸಾಲು ಎಂಟಲ್ಲದಿದ್ದರೆ ಈಗ ಯಂತ್ರ ಮುಂದೆ ಹೋಗಲು ಬಿಡುವುದಿಲ್ಲ. ನನ್ನ ಪಟ್ಟಿಯಲ್ಲಿ ಪ್ರಾಂತ್ಯದ ಪಕ್ಕ ಎರಡು ಹೊಸ ಕಾಲಂಗಳಿವೆ: ನದಿಯ ಯಾವ ದಂಡೆ, ಬೀಗದ ಕೈ ಯಾರ ಹತ್ತಿರ. ಎರಡನೆಯದನ್ನು ತುಂಬಿಸಲು ಒಂದು ವರ್ಷ ಹಿಡಿಯಿತು. ಯಾವ ಕಚೇರಿಯಲ್ಲೂ ಅದು ಬರೆದಿಟ್ಟಿರಲಿಲ್ಲ, ಒಂದೊಂದು ಊರಿಗೂ ಫೋನ್ ಮಾಡಿ ಕೇಳಬೇಕಾಯಿತು. ಆ ಮೂರು ಹಳ್ಳಿಗಳ ಸಂಕೇತ ಪಶ್ಚಿಮ ಪ್ರಾಂತ್ಯದ್ದೇ. ಅದು ಸರಿಯಾದ ಸಂಕೇತ. ಅಂದೂ ಸರಿಯಾಗಿತ್ತು.

ನಮ್ಮ ಅಪಾರ್ಟ್‌ಮೆಂಟಿಗೆ ಗುರುವಾರ ಬೆಳಗ್ಗೆ ಕಸದ ಲಾರಿ ಬರುತ್ತದೆ. ನಾನು ಕಾರಿನ ಬಳಿ ಬರುವ ಹೊತ್ತಿಗೆ ಸರಿಯಾಗಿ ಅದು ತೊಟ್ಟಿಯ ಕಡೆಗೆ ಹಿಂದೆ ಹಿಂದೆ ಸರಿಯುತ್ತದೆ. ಹತ್ತೋ ಹನ್ನೆರಡೋ ಪೀಪ್, ಅಷ್ಟೇ, ನಿಲ್ಲುತ್ತದೆ. ಡ್ರೈವರ್ ಕೈಬೀಸುತ್ತಾನೆ. ನಾನೂ ಬೀಸುತ್ತೇನೆ. ಆದರೆ ಬಾಗಿಲು ತೆಗೆಯುವುದಿಲ್ಲ. ಕೀಲಿ ಕೈಯಲ್ಲಿ ಹಿಡಿದು ನಿಂತು, ಉಳಿದದ್ದನ್ನು ಮನಸ್ಸಿನಲ್ಲೇ ಎಣಿಸುತ್ತೇನೆ. ಮೂವತ್ತೊಂದಾದ ಮೇಲೆ ಇನ್ನೊಂದು ಎಣಿಸಿ, ಕಾರು ಹತ್ತುತ್ತೇನೆ.